ಸೋಗಾನೆ ಸುತ್ತ ಲೇಔಟ್‌ಗಳಿಗೆ ಗೆರೆ ಹಾಕಿ

ಮಾನ್ಯರೇ,

ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದಾಗ ನಾವೆಲ್ಲ ಖುಷಿಪಟ್ಟವರೇ. ರನ್‌ವೇ 3.2 ಕಿ.ಮೀ. ಉದ್ದ ಇದೆ, ಮುಂದೆ ದೊಡ್ಡ ವಿಮಾನಗಳೂ ಬರಲಿ. ನನ್ನ ಚಿಂತೆ ಬೇಲಿಯ ಹೊರಗಿನದು.

ನಮ್ಮ ಗದ್ದೆ ಪಕ್ಕದ ಜೋಳದ ಹೊಲದಲ್ಲಿ ಈಗ ಬಿಳಿ ಬಣ್ಣ ಬಳಿದ ಸೈಟ್ ಕಲ್ಲುಗಳು ನಿಂತಿವೆ. ರಸ್ತೆಗೆಂದು ಸುರಿದ ಕೆಮ್ಮಣ್ಣು ನೀರಿನ ಕಾಲುವೆಯನ್ನೇ ಮುಚ್ಚಿದೆ. ಮಳೆ ಬಂದರೆ ನೀರು ನಮ್ಮ ಗದ್ದೆಯಲ್ಲೇ ನಿಲ್ಲುತ್ತದೆ. ಸೈಟ್ ನೋಡಲು ಬಂದವರನ್ನು ಮಾತಾಡಿಸಿದೆ. ಮೇಲೆ ಮಹಡಿ ಕಟ್ಟಲು ಎತ್ತರದ ಮಿತಿ ಇದೆ, ಅದಕ್ಕೆ ವಿಮಾನ ನಿಲ್ದಾಣ ಪ್ರಾಧಿಕಾರದ ಒಪ್ಪಿಗೆ ಬೇಕಾಗಬಹುದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಸಾಲ ಮಾಡಿ ಕೊಳ್ಳುವವರು ಅವರು, ಮೊದಲೇ ತಿಳಿಯಬೇಕಲ್ವಾ?

ಇನ್ನೊಂದು, ಕಸ. ರಸ್ತೆ ಬದಿ ಕೋಳಿ ತ್ಯಾಜ್ಯ ಸುರಿಯುತ್ತಾರೆ, ಹದ್ದುಗಳು ಸುತ್ತುತ್ತವೆ. ನಿಲ್ದಾಣದ 10 ಕಿ.ಮೀ. ಒಳಗೆ ಹೀಗೆ ಕಸ ಹಾಕಬಾರದೆಂದು 1937ರ ವಿಮಾನ ನಿಯಮಗಳಲ್ಲೇ ಇದೆ. ಹಕ್ಕಿ ಇಂಜಿನ್‌ಗೆ ಸಿಕ್ಕರೆ ಪ್ರಯಾಣಿಕರ ಜೀವಕ್ಕೇ ಅಪಾಯ.

ದೇವನಹಳ್ಳಿ ಸುತ್ತ ಬೆಳವಣಿಗೆ ನೋಡಿಕೊಳ್ಳಲೆಂದೇ ಪ್ರತ್ಯೇಕ ಯೋಜನಾ ಪ್ರಾಧಿಕಾರ ಇದೆ. ಅದಿದ್ದೂ ಅಲ್ಲಿ ಜಮೀನಿನ ಬೆಲೆ ರೈತರ ಕೈಗೆಟುಕದಷ್ಟು ಏರಿತು. ಇಲ್ಲಿ ಇನ್ನೂ ಕಾಲ ಮಿಂಚಿಲ್ಲ. ಎತ್ತರದ ಮಿತಿ ತೋರಿಸುವ ಬಣ್ಣದ ನಕ್ಷೆಯನ್ನು ಸುತ್ತಲಿನ ಪ್ರತಿ ಗ್ರಾಮ ಪಂಚಾಯಿತಿ ಗೋಡೆಗೆ ಕನ್ನಡದಲ್ಲಿ ಹಾಕಲಿ. ವಿಮಾನ ಇಳಿಯುವ ದಾರಿಯ ಕೆಳಗಿನ ಗದ್ದೆಗಳು ಗದ್ದೆಗಳಾಗಿಯೇ ಉಳಿಯಲಿ. ಕಾಲುವೆ ಬಿಡಿಸದ ಲೇಔಟ್‌ಗೆ ಅನುಮತಿ ಕೊಡುವುದು ಬೇಡ.

– ಒಬ್ಬ ರೈತ ಮಹಿಳೆ, ಶಿವಮೊಗ್ಗ ತಾಲ್ಲೂಕು