ತತ್ವಪದಗಳ ಮೇಳಗಾನ ಧ್ವನಿಮುದ್ರಣಕ್ಕೆ ದೇಣಿಗೆ ಮನವಿ

ಶರಣು ಶರಣಾರ್ಥಿ.

ಅನುಭಾವಿ ಕವಿ ಕಡಕೋಳ ಮಡಿವಾಳಪ್ಪನವರ ಹಾಗೂ ಅವರ ಶಿಷ್ಯರಾದ ಚನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ತೆಲಗಬಾಳ ರೇವಪ್ಪ ಅವರ ತತ್ವಪದಗಳನ್ನು, ಅಂದರೆ ಅನುಭಾವದ ಹಾಡುಗಳನ್ನು, ಭಜನಾ ಮೇಳ ಮತ್ತು ವಾದ್ಯವೃಂದದೊಡನೆ ಧ್ವನಿಮುದ್ರಿಸಲು ನಮ್ಮ ಟ್ರಸ್ಟ್ ಮುಂದಾಗಿದೆ. ಹಾಡುವವರು ಕಲಬುರಗಿ, ಯಾದಗಿರಿ ಜಿಲ್ಲೆಗಳ ಹಳ್ಳಿಗಳ ಹೆಣ್ಣುಮಕ್ಕಳು, ಗಂಡುಮಕ್ಕಳು. ಈ ಕೆಲಸಕ್ಕೆ ನಿಮ್ಮ ನೆರವು ಬೇಡುತ್ತಿದ್ದೇವೆ.

ವಿದ್ವಾಂಸರು ಹಸ್ತಪ್ರತಿಗಳಿಂದ, ಭಜನೆಯ ವಹಿಗಳಿಂದ ಸಂಗ್ರಹಿಸಿದ ಪದಗಳು ಸಂಪುಟಗಳಾಗಿ ಬಂದಿವೆ. ಸಾಹಿತ್ಯ ಉಳಿಯಿತು. ಧಾಟಿ ಮಾತ್ರ ಅಚ್ಚಿಗೆ ಸಿಕ್ಕುವುದಲ್ಲ. ಅಮಾವಾಸ್ಯೆಯ ಭಜನೆಯಲ್ಲಿ, ಗುರುಗಳ ಆರಾಧನೆಯಲ್ಲಿ, ಶ್ರಾವಣದ ರಾತ್ರಿಗಳಲ್ಲಿ, ಸತ್ತವರ ಮನೆಯಲ್ಲಿ ಹೆಣದ ಮುಂದೆ ಕುಳಿತು ಬೆಳತನಕ ಹಾಡುವವರ ಕೊರಳಲ್ಲಷ್ಟೇ ಅದು ಇದೆ. ಆ ಹಿರಿಯರಲ್ಲಿ ಹಲವರಿಗೆ ಈಗ ಪದ ನೆನಪಿದೆ, ಉಸಿರು ಸಾಲುತ್ತಿಲ್ಲ.

ಒಬ್ಬ ಹೆಸರಾಂತ ಗಾಯಕರಿಂದ ಹಾಡಿಸಿ, ಕೀಬೋರ್ಡ್ ಸೇರಿಸಿ ಮುಗಿಸಬಾರದೇ ಎಂದು ಹಿತೈಷಿಗಳು ಕೇಳಿದ್ದಾರೆ. ಒಪ್ಪಲು ನಮಗೆ ಮನಸ್ಸಿಲ್ಲ. ಭಜನೆಯಲ್ಲಿ ಒಬ್ಬರು ನುಡಿ (ಚರಣ) ಎತ್ತಿಕೊಂಡರೆ ಪಲ್ಲವಿಗೆ ಮೇಳವೆಲ್ಲ ಕೂಡುತ್ತದೆ. ನಿಧಾನವಾಗಿ ಹೊರಟ ಪದ ನುಡಿಯಿಂದ ನುಡಿಗೆ ಬಿರುಸಾಗಿ, ಕೊನೆಗೆ ದಮ್ಮಡಿ ಎಂಬ ಕೈವಾದ್ಯವೂ ತಾಳವೂ ದುಪ್ಪಟ್ಟು ಲಯಕ್ಕೆ ಏರುತ್ತವೆ. ಎಷ್ಟು ಏರಬೇಕೆಂದು ಯಾರೂ ಮೊದಲೇ ಗೊತ್ತುಮಾಡಿರುವುದಿಲ್ಲ, ಒಬ್ಬರ ಮುಖ ಒಬ್ಬರು ನೋಡಿ ತಿಳಿಯುತ್ತಾರೆ. ಸ್ಟುಡಿಯೋಗಳ ಈಗಿನ ಪದ್ಧತಿಯಲ್ಲಿ ಹೆಡ್‌ಫೋನಿನೊಳಗೆ ಟಿಕ್ ಟಿಕ್ ಎನ್ನುವ ಒಂದೇ ಲಯಕ್ಕೆ ಒಬ್ಬೊಬ್ಬರನ್ನೇ ಬೇರೆ ಬೇರೆ ದಿನ ಹಾಡಿಸುತ್ತಾರೆ. ಖರ್ಚು ಕಡಿಮೆ, ತಿದ್ದುವುದೂ ಸುಲಭ. ಆದರೆ ಆ ಲಯದೊಳಗೆ ಭಜನೆ ಏರುವುದೇ ಇಲ್ಲ. ಎಲ್ಲರೂ ಒಂದೇ ಸಭಾಂಗಣದಲ್ಲಿ, ಒಂದೇ ಹೊತ್ತಿಗೆ ಕುಳಿತು ಹಾಡಬೇಕು. ಅದಕ್ಕೆ ದೊಡ್ಡ ಜಾಗ, ಹೆಚ್ಚು ಮೈಕುಗಳು, ನುರಿತ ತಂತ್ರಜ್ಞರು, ಬಹಳ ತಾಲೀಮು ಬೇಕು.

ತಾಲೀಮಿಗೆ ಇನ್ನೊಂದು ಕಾರಣವೂ ಉಂಟು. ನಮ್ಮ ಗಂಡಸರಿಗೆ ಹಾರ್ಮೋನಿಯಂನ ಕಪ್ಪು ಮನೆಗಳಲ್ಲಿ ಒಂದು, ಎರಡನೆಯದರ ಶ್ರುತಿ ಒಗ್ಗುತ್ತದೆ. ಹೆಂಗಸರ ದನಿ ಅದಕ್ಕಿಂತ ಎತ್ತರದ ಕಪ್ಪು ನಾಲ್ಕು, ಐದರಲ್ಲಿ ಅರಳುತ್ತದೆ. ಒಂದೇ ಶ್ರುತಿಗೆ ಎಲ್ಲರನ್ನೂ ಎಳೆದರೆ ಯಾರಾದರೊಬ್ಬರ ಕಂಠ ಸೊರಗುತ್ತದೆ. ಯಾವ ನುಡಿ ಯಾರಿಗೆ, ಎಲ್ಲಿ ಕೂಡಬೇಕು ಎಂಬುದನ್ನು ಪ್ರತಿ ಪದಕ್ಕೂ ಬೇರೆಯಾಗಿ ಹೊಂದಿಸಬೇಕು. ಏಕತಾರಿ, ತಾಳ, ದಮ್ಮಡಿ ಮುಂದಿರುತ್ತವೆ. ಪಿಟೀಲು, ಸಾರಂಗಿ, ಚೆಲ್ಲೋ, ಕೊಳಲು ಹಿಂದಿನಿಂದ ಶ್ರುತಿ ತುಂಬುತ್ತವೆ. ವಾದ್ಯವೃಂದ ಮೇಳವನ್ನು ಮುಚ್ಚಕೂಡದು ಎಂಬುದೊಂದೇ ನಮ್ಮ ಷರತ್ತು.

ಮೇಳದವರಲ್ಲಿ ಹೆಚ್ಚಿನವರು ಒಕ್ಕಲುತನದವರು, ಕೂಲಿಯವರು. ತೊಗರಿ ರಾಶಿಯಾಗದೆ ಊರು ಬಿಡಲಾರರು. ಬೇಸಿಗೆ ಹತ್ತಿದರೆ ಇಲ್ಲಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಧ್ವನಿಮುದ್ರಣದ ವೇಳೆ ಸದ್ದಾಗುವುದರಿಂದ ಫ್ಯಾನ್ ಹಾಕುವಂತಿಲ್ಲ. ಆದ್ದರಿಂದ ರಾಶಿ ಮುಗಿದು ಶಿವರಾತ್ರಿ ಬರುವುದರೊಳಗೆ ಕೆಲಸ ಆಗಬೇಕು.

ಅಂದಾಜು ವೆಚ್ಚ 9 ಲಕ್ಷ ರೂಪಾಯಿ. ಬಂದ ಹಣದಲ್ಲಿ ಮೊದಲು ತೆಗೆದಿಡುವುದು ಕೂಲಿ ಬಿಟ್ಟು ಬರುವವರ ಕೂಲಿ, ಕಲಾವಿದರ ಸಂಭಾವನೆ, ಬಸ್ ಖರ್ಚು, ಊಟ. ದೇವರ ಕೆಲಸವೆಂದು ಹೇಳಿ ಹಾಡಿದವರನ್ನು ಬರಿಗೈಯಲ್ಲಿ ಕಳಿಸುವುದು ನಮಗೆ ಒಪ್ಪಿಗೆಯಿಲ್ಲ. ಸಿದ್ಧವಾದ ಹಾಡುಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಡುತ್ತೇವೆ, ಹಳ್ಳಿಗಳ ಮಠ, ಶಾಲೆ, ಭಜನಾ ಮಂಡಳಿಗಳಿಗೆ ಪೆನ್‌ಡ್ರೈವಿನಲ್ಲಿ ತಲುಪಿಸುತ್ತೇವೆ.

ದೇಣಿಗೆಯನ್ನು ಚೆಕ್ ಅಥವಾ ಆನ್‌ಲೈನ್ ಮೂಲಕ ಟ್ರಸ್ಟಿನ ಖಾತೆಗೇ ಕೊಡಿ, ರಸೀದಿ ಪಡೆಯಿರಿ. 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ ಎಂಬುದು ಗಮನದಲ್ಲಿರಲಿ. ಜಮಾ ಖರ್ಚಿನ ಪಟ್ಟಿಯನ್ನು ಕಚೇರಿಯ ಫಲಕದಲ್ಲಿ ಯಾರು ಬೇಕಾದರೂ ಓದಬಹುದು.

ನಿಮ್ಮ ಮನೆಯ ಅಟ್ಟದಲ್ಲಿ ಅಜ್ಜ ಬರೆದಿಟ್ಟ ಹಾಡಿನ ವಹಿಯೋ, ಭಜನೆಯ ಹಳೆಯ ಕ್ಯಾಸೆಟ್ಟೋ ಇದ್ದರೆ ಅದೂ ನಮಗೆ ದೇಣಿಗೆಯೇ. ಪ್ರತಿ ಮಾಡಿಕೊಂಡು ಜೋಪಾನವಾಗಿ ಹಿಂದಿರುಗಿಸುತ್ತೇವೆ. ಹಳೆಯ ಧಾಟಿ ಬಲ್ಲ ಹಿರಿಯರು ನಿಮ್ಮೂರಿನಲ್ಲಿದ್ದರೆ ತಿಳಿಸಿ, ಅವರಿದ್ದಲ್ಲಿಗೇ ನಾವು ಬರುತ್ತೇವೆ.