ಕಣ್ಣಿಗೆ ಕನ್ನಡ, ಯಂತ್ರಕ್ಕೆ ಪೌಂಡು: ಮಾಹಿತಿ ತಂತ್ರಜ್ಞಾನ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ಚಾಮರಾಜಪೇಟೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಇಬ್ಬರು ಕುಳಿತರೆ ಮೂರನೆಯವರು ಬಾಗಿಲಲ್ಲಿ ನಿಲ್ಲಬೇಕು, ಅಷ್ಟೇ ಜಾಗ. ಇಪ್ಪತ್ತನಾಲ್ಕು ವರ್ಷಗಳಿಂದ ಅಲ್ಲಿ ಕುಳಿತು ಲಗ್ನಪತ್ರಿಕೆ, ಬಾಡಿಗೆ ಕರಾರು, ವೈಕುಂಠ ಸಮಾರಾಧನೆಯ ಕಾರ್ಡು, ಕವನ ಸಂಕಲನ, ಸಂಘಗಳ ವಾರ್ಷಿಕ ವರದಿ ಎಲ್ಲವನ್ನೂ ಕನ್ನಡದಲ್ಲಿ ಕುಟ್ಟುತ್ತಾ ಬಂದಿದ್ದೇನೆ. ಈ ಪತ್ರವನ್ನು ಯಾರ ವಿಳಾಸಕ್ಕೆ ಬರೆಯಬೇಕೆಂದು ಎರಡು ದಿನ ಯೋಚಿಸಿದೆ. ಸರ್ಕಾರದ ಎಷ್ಟೋ ಕಡತಗಳಲ್ಲಿ ಕಣ್ಣಿಗೆ ಕಾಣುವ ಕನ್ನಡವನ್ನು ಯಂತ್ರ ಓದಲಾರದು, ವಿಷಯ ಅದು. ಅದು ಕನ್ನಡದ್ದು ಎಂದರೆ ಸಂಸ್ಕೃತಿ ಇಲಾಖೆಯ ಕಡೆ ಕೈ ತೋರಿಸುತ್ತಾರೆ, ಕಂಪ್ಯೂಟರಿನದು ಎಂದರೆ ನಿಮ್ಮ ಕಡೆ. ಎರಡು ಮನೆಯವರೂ ಇನ್ನೊಂದು ಮನೆಯಲ್ಲಿ ಊಟವಾಗಿರಬೇಕೆಂದು ಭಾವಿಸಿದರೆ ನೆಂಟ ಉಪವಾಸ ಮಲಗುತ್ತಾನೆ. ಅದಕ್ಕೇ ಎಲ್ಲರ ಕಣ್ಣಿಗೂ ಬೀಳುವ ಹಾಗೆ ಬರೆಯುತ್ತಿದ್ದೇನೆ.

2025ರ ಜುಲೈ ತಿಂಗಳು ನಿಮಗೆ ನೆನಪಿರಬೇಕು. ಹಿರಿಯ ನಟಿ ಬಿ. ಸರೋಜಾದೇವಿಯವರು ತೀರಿಕೊಂಡಾಗ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅಂತಿಮ ದರ್ಶನ ಪಡೆದ ಸುದ್ದಿಯನ್ನು ಅವರ ಕಚೇರಿ ಕನ್ನಡದಲ್ಲಿ ಪ್ರಕಟಿಸಿತು. ಫೇಸ್‌ಬುಕ್‌ನ ಯಂತ್ರಾನುವಾದ ಅದನ್ನು ಇಂಗ್ಲಿಷಿಗೆ ತಂದಾಗ ತೀರಿಕೊಂಡವರು ಮುಖ್ಯಮಂತ್ರಿಯೇ ಎಂಬರ್ಥ ಬಂದಿತ್ತು! ಅನುವಾದ ಸರಿಹೋಗುವವರೆಗೆ ಕನ್ನಡಕ್ಕೆ ಆ ಸೌಲಭ್ಯವನ್ನು ನಿಲ್ಲಿಸಿ ಎಂದು ಸರ್ಕಾರದಿಂದ ಪತ್ರ ಹೋಯಿತು, ಮೆಟಾ ಕಂಪನಿ ಕ್ಷಮೆ ಕೇಳಿತು. ಅದಕ್ಕೂ ಮೊದಲು, 2021ರಲ್ಲಿ, ಭಾರತದ ಅತಿ ಕೊಳಕು ಭಾಷೆ ಯಾವುದೆಂಬ ಪ್ರಶ್ನೆಗೆ ಗೂಗಲ್ ನಮ್ಮ ಭಾಷೆಯ ಹೆಸರನ್ನು ತೋರಿಸಿದಾಗಲೂ ಹೀಗೆಯೇ ಆಗಿತ್ತು. ಎರಡು ಸಲವೂ ನಾವೆಲ್ಲ ಕೆರಳಿದೆವು. ನಾನೂ ಕೆರಳಿದೆ, ನಾಲ್ಕು ಗುಂಪುಗಳಿಗೆ ಕಳಿಸಿದೆ. ಕ್ಷಮೆ ಬಂತು, ಗೆದ್ದೆವು ಎಂದುಕೊಂಡೆವು.

ಆಮೇಲೆ ಒಂದು ಮಧ್ಯಾಹ್ನ ಒಬ್ಬ ಹುಡುಗ ಅಂಗಡಿಗೆ ಬಂದ. ಕಣ್ಣು ಕಾಣದವನು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವನು. ಮೊಬೈಲ್ ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವನ್ನು ಬಳಸುತ್ತಾನೆ. ದಿನಪತ್ರಿಕೆಯ ಜಾಲತಾಣವನ್ನು ಅದು ಚೆನ್ನಾಗಿಯೇ ಓದುತ್ತದೆಯಂತೆ. ಅವನು ತಂದದ್ದು ಒಂದು ಇಲಾಖೆಯ ನೇಮಕಾತಿ ಪ್ರಕಟಣೆ, ನಾಲ್ಕು ಪುಟದ ಪಿಡಿಎಫ್. (ಆ ಇಲಾಖೆ ನಿಮ್ಮದಲ್ಲ, ಗಾಬರಿಯಾಗಬೇಡಿ.) "ಮೇಡಂ, ಇದರಲ್ಲಿ ಏನೋ ಹಾಳಾಗಿದೆ, ಕೇಳಿ" ಎಂದು ಗುಂಡಿ ಒತ್ತಿದ. ಮೊಬೈಲು ಇಂಗ್ಲಿಷ್ ದನಿಯಲ್ಲಿ "ಪಿ, ಎ, ಪೌಂಡ್, ಎ" ಎಂದು ಶುರುಮಾಡಿತು. ನನ್ನ ಕಣ್ಣಿಗೆ ಅದೇ ಪರದೆಯ ಮೇಲೆ ಮುದ್ದಾದ ಕನ್ನಡ ಕಾಣುತ್ತಿತ್ತು. ಒಂದು ಒತ್ತಕ್ಷರವೂ ತಪ್ಪಿರಲಿಲ್ಲ.

ಏನಾಗಿದೆ ಎಂದು ನನಗೆ ತಕ್ಷಣ ತಿಳಿಯಿತು, ಏಕೆಂದರೆ ಅಂಥ ಸಾವಿರಾರು ಪುಟಗಳನ್ನು ನಾನೇ ತಯಾರಿಸಿದ್ದೇನೆ.

ತೊಂಬತ್ತರ ದಶಕದಲ್ಲಿ ಕಂಪ್ಯೂಟರಿಗೆ ಕನ್ನಡ ಬರುತ್ತಿರಲಿಲ್ಲ. ನಮ್ಮ ಜಾಣರು ಒಂದು ಉಪಾಯ ಮಾಡಿದರು. ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡ ಅಕ್ಷರದ ತುಂಡುಗಳ ಚಿತ್ರಗಳನ್ನು ಕೂರಿಸಿದರು. ಯಂತ್ರ ತಾನು ಇಂಗ್ಲಿಷ್ ಬರೆಯುತ್ತಿದ್ದೇನೆ ಎಂದುಕೊಳ್ಳುತ್ತದೆ, ಫಾಂಟು ನಮಗೆ ಕನ್ನಡ ತೋರಿಸುತ್ತದೆ. ಬರಹ, ಶ್ರೀಲಿಪಿ, ಆಮೇಲೆ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ಎಂಬ ತಂತ್ರಾಂಶಗಳೆಲ್ಲವೂ ಈ ಉಪಾಯದ ಮೇಲೆಯೇ ಬೆಳೆದವು. ಅವನ್ನು ಹಳಿಯುವಷ್ಟು ಕೃತಘ್ನಳಲ್ಲ ನಾನು, ನನ್ನ ಅನ್ನ ಹುಟ್ಟಿದ್ದೇ ಅಲ್ಲಿಂದ. ಆದರೆ ನುಡಿಯ ಹಳೆಯ ಫಾಂಟಿನಲ್ಲಿ 'ಕನ್ನಡ' ಎಂದು ಬರೆದು ಆ ಫಾಂಟನ್ನು ತೆಗೆದುಬಿಟ್ಟರೆ ಉಳಿಯುವುದೇನು ಗೊತ್ತೇ? ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ಇನ್ನೊಂದು ಗೀಟಿನ ಎ. 'ಪ' ಬಂದಲ್ಲೆಲ್ಲ ಜಪಾನಿನ ಯೆನ್. ಆ ಹುಡುಗನ ಮೊಬೈಲು ಹಾಳಾಗಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಓದುತ್ತಿತ್ತು.

ನನ್ನ ಅಪ್ಪ ಮುದ್ರಣಾಲಯದಲ್ಲಿ ಮೊಳೆ ಜೋಡಿಸುತ್ತಿದ್ದರು. ಸೀಸದ ಅಚ್ಚುಮೊಳೆಯಲ್ಲಿ ಅಕ್ಷರ ತಿರುಗುಮುರುಗಾಗಿರುತ್ತದೆ. ಅಪ್ಪ ಅದನ್ನು ಸಲೀಸಾಗಿ ಓದುತ್ತಿದ್ದರು, ಕಾಗದದ ಮೇಲೆ ಅದು ಸರಿಯಾಗಿಯೇ ಮೂಡುತ್ತದೆಂದು ಅವರಿಗೆ ಗೊತ್ತಿತ್ತು. ನಾನು ಮಾಡಿದ್ದು ಅದಕ್ಕೆ ಉಲ್ಟಾ. ನೋಡುವವರಿಗೆ ಎಲ್ಲವೂ ಸರಿ, ಒಳಗಿನದು ಮಾತ್ರ ಯಾರಿಗೂ ಅರ್ಥವಾಗದ್ದು. ಕಾಗದಕ್ಕೆ ಮುದ್ರಿಸಿ ಮುಗಿಸುವ ಕಾಲದಲ್ಲಿ ಇದರಿಂದ ಯಾರಿಗೂ ತೊಂದರೆ ಆಗಲಿಲ್ಲ. ಈಗ ಕಾಗದ ಹಿಂದೆ ಬಿದ್ದು ಕಂಪ್ಯೂಟರಿನ ಕಡತವೇ ಮುಂದೆ ಬಂದಿದೆ.

ಇದಕ್ಕೆ ಪರಿಹಾರವಾದ ಯುನಿಕೋಡ್, ಎಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಯಂತ್ರದೊಳಗೆ ಅದರದೇ ಮನೆ ಕೊಡುವ ವ್ಯವಸ್ಥೆ, ನಿನ್ನೆ ಮೊನ್ನೆಯದೇನಲ್ಲ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆಂದು 128 ಮನೆಗಳನ್ನು ಮೀಸಲಿಟ್ಟಿದ್ದರು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆಗೆ ತುಂಗಾ ಎಂಬ ಕನ್ನಡ ಯುನಿಕೋಡ್ ಫಾಂಟು ಬಂತು. ಇಂದು ಐದು ಸಾವಿರ ರೂಪಾಯಿಯ ಮೊಬೈಲಿನಲ್ಲೂ ಕನ್ನಡ ಕನ್ನಡವಾಗಿಯೇ ಇರುತ್ತದೆ. ತರಕಾರಿ ಮಾರುವವರ ವಾಟ್ಸ್‌ಆಪ್ ಸಂದೇಶವನ್ನು ಆ ಹುಡುಗನ ತಂತ್ರಾಂಶ ಓದಬಲ್ಲದು, ಸರ್ಕಾರದ ಪ್ರಕಟಣೆಯನ್ನು ಓದಲಾರದು. ಅದರ ಒಳಗಿನ ಪದವನ್ನು ಯಾವ ಹುಡುಕಾಟವೂ ಹುಡುಕಿಕೊಡಲಾರದು.

"ನಮ್ಮ ಸಿಬ್ಬಂದಿಗೆ ಹೊಸದನ್ನು ಕಲಿಸಬೇಕಾಗುತ್ತದೆ" ಎಂಬ ಉತ್ತರವನ್ನು ನಾನು ಬೇರೆ ಬೇರೆ ಮೇಜುಗಳ ಮುಂದೆ ನಿಂತು ಕೇಳಿದ್ದೇನೆ. ದಯವಿಟ್ಟು ಒಪ್ಪಬೇಡಿ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನೇ ನಾವೆಲ್ಲ ಬೆರಳಲ್ಲಿ ಇಟ್ಟುಕೊಂಡಿರುವುದು, ಯುನಿಕೋಡಿನಲ್ಲೂ ಅದೇ ಇದೆ. ನುಡಿಯಲ್ಲೇ ಯುನಿಕೋಡ್ ಆಯ್ಕೆ ಇದೆ. ಬೆರಳು ಕಲಿಯಬೇಕಾದದ್ದು ಏನೂ ಇಲ್ಲ, ಒಂದು ಆಯ್ಕೆಯನ್ನು ಬದಲಿಸಿದರಾಯಿತು. ನಾನು ಬದಲಿಸಲು ಎಷ್ಟು ವರ್ಷ ತೆಗೆದುಕೊಂಡೆ ಎಂದು ಕೇಳಬೇಡಿ, ಹಳೆಯ ಕಡತವನ್ನು ತೆರೆದು ಹೆಸರು ಬದಲಿಸಿ ಉಳಿಸುವುದು ಎಷ್ಟು ಸುಖ ಎಂಬುದು ನನಗೂ ಗೊತ್ತು. ಸರ್ಕಾರಿ ಗುಮಾಸ್ತರೂ ಅದನ್ನೇ ಮಾಡುತ್ತಿದ್ದಾರೆ.

ಇನ್ನೊಂದು ರೋಗವಿದೆ, ಇದಕ್ಕಿಂತ ಸೋಮಾರಿಯಾದದ್ದು. ಆದೇಶವನ್ನು ಕಂಪ್ಯೂಟರಿನಲ್ಲಿ ಬರೆದು, ಮುದ್ರಿಸಿ, ಸಹಿ ಹಾಕಿ, ಮೊಹರು ಒತ್ತಿ, ಆಮೇಲೆ ಸ್ವಲ್ಪ ಓರೆಯಾಗಿ ಸ್ಕ್ಯಾನ್ ಮಾಡಿ ಜಾಲತಾಣಕ್ಕೆ ಏರಿಸುವುದು. ಅಲ್ಲಿ ಪೌಂಡ್ ಚಿಹ್ನೆಯೂ ಇರುವುದಿಲ್ಲ, ಬರೀ ಚಿತ್ರ. ಚಿತ್ರದಿಂದ ಅಕ್ಷರ ಎತ್ತುವ ತಂತ್ರಾಂಶಗಳಿವೆಯಲ್ಲ ಎನ್ನಬಹುದು. ಇವೆ, ಬಳಸುತ್ತೇನೆ. ಮಬ್ಬಾದ ಪುಟ ಕೊಟ್ಟರೆ 'ವ'ಕಾರ 'ಪ'ಕಾರವಾಗಿ 'ಸಾವಿರ' ಹೋಗಿ 'ಸಾಪಿರ' ಆಗುತ್ತದೆ. ಅನುಸ್ವಾರದ ಬದಲು ಕನ್ನಡದ ಸೊನ್ನೆ ಕುಳಿತು 'ಬೆ೦ಗಳೂರು' ಆಗುತ್ತದೆ. ಈ ಎರಡನೆಯದರಲ್ಲಿ ತಪ್ಪೆಲ್ಲಿದೆ ಎಂದು ಕಣ್ಣಿಟ್ಟು ನೋಡಿ. ಕಾಣಿಸುವುದಿಲ್ಲ. ಆದರೆ 'ಬೆಂಗಳೂರು' ಎಂದು ಹುಡುಕಿದವರಿಗೆ ಆ ಪುಟ ಸಿಗದೇ ಹೋಗಬಹುದು.

ಈ ನಡುವೆ ನಮ್ಮ ಜಗಳಗಳು ಎಲ್ಲಿ ನಡೆಯುತ್ತಿವೆ ನೋಡಿ. ಆಟೋದವರು ಯಾವ ಭಾಷೆಯಲ್ಲಿ ಮಾತಾಡಿದರು, ಬ್ಯಾಂಕಿನವರು ಯಾವ ಭಾಷೆಯಲ್ಲಿ ಮಾತಾಡಲಿಲ್ಲ ಎಂಬ ವಿಡಿಯೊ ವಾರಕ್ಕೊಂದು ಬರುತ್ತದೆ. ಒಂದು ಕಡೆಯವರು ಊರು ಬಿಡಿ ಎನ್ನುತ್ತಾರೆ, ಇನ್ನೊಂದು ಕಡೆಯವರು ನಾವಿಲ್ಲದಿದ್ದರೆ ಈ ಊರೇ ಇಲ್ಲ ಎನ್ನುತ್ತಾರೆ. ಕನ್ನಡ ಕಲಿಯಿರಿ ಎಂದು ಗದರುವ ಬರಹಗಳಲ್ಲಿ ಅನೇಕವು ಇಂಗ್ಲಿಷ್ ಲಿಪಿಯಲ್ಲಿ ಇರುತ್ತವೆ ಎಂಬುದನ್ನು ಹೇಳಿದರೆ ನನ್ನ ಮೇಲೂ ಒಂದು ವಿಡಿಯೊ ಬಂದೀತು. ಬ್ಯಾಂಕಿನಲ್ಲಿ ಕನ್ನಡ ಬೇಕು ಎಂಬುದರಲ್ಲಿ ನನಗೆ ಎರಡನೆಯ ಮಾತಿಲ್ಲ. ಅಂಗಡಿ ಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ ನಿಯಮವನ್ನೂ ಒಪ್ಪುತ್ತೇನೆ. ನನ್ನ ಫಲಕದಲ್ಲಿ 'ಡಿಟಿಪಿ' ಎಂಬುದೂ ಕನ್ನಡ ಅಕ್ಷರದಲ್ಲೇ ಇದೆ. ಆದರೆ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಬಂದ ಮೇಲೆ ಫಲಕದ ಕನ್ನಡವನ್ನು ಅಳೆಯಲು ಅಧಿಕಾರಿಗಳು ಬೀದಿಗಿಳಿದರು. ಕಡತದ ಒಳಗಿನ ಕನ್ನಡವನ್ನು ಅಳೆಯುವ ಟೇಪು ಯಾರ ಬಳಿ ಇದೆ? ಅಂಗಡಿಯವನ ಫಲಕ ಇಂಗ್ಲಿಷಿನಲ್ಲಿದ್ದರೆ ತಪ್ಪು. ಕನ್ನಡವನ್ನು ಆಡಳಿತ ಭಾಷೆಯಾಗಿಸಿದ ನಮ್ಮ ರಾಜ್ಯಭಾಷಾ ಕಾಯ್ದೆ ಬಂದದ್ದು 1963ರಲ್ಲಿ. ಅಷ್ಟು ಕಾಲದ ಮೇಲೆ ಸರ್ಕಾರದ ಕಡತವೊಂದು ಯಂತ್ರದ ಲೆಕ್ಕದಲ್ಲಿ ಇಂಗ್ಲಿಷೇ ಆಗಿದ್ದರೆ ಅದಕ್ಕೇನು ದಂಡ?

ಇಲ್ಲಿಗೇ ಆ ಅನುವಾದದ ಮಾತೂ ಬಂದು ಸೇರುತ್ತದೆ. ಕೃತಕ ಬುದ್ಧಿಮತ್ತೆ ಎಂದು ಈಗ ಎಲ್ಲೆಡೆ ಸದ್ದಾಗುತ್ತಿರುವ ಯಂತ್ರಗಳು ಭಾಷೆಯನ್ನು ಕಲಿಯುವುದು ಸಿಕ್ಕಿದ ಬರಹವನ್ನು ಓದಿಯೇ. ಕನ್ನಡದಲ್ಲಿ ಅವುಗಳ ಕೈಗೆ ಸಿಗುವುದು ಸುದ್ದಿ, ವಿಕಿಪೀಡಿಯ, ಮತ್ತೆ ಮೇಲೆ ಹೇಳಿದ ನಮ್ಮ ಜಗಳಗಳು. ಹಳ್ಳಿಯ ಕೆರೆಯ ಒತ್ತುವರಿಯಿಂದ ಹಿಡಿದು ಬಿತ್ತನೆ ಬೀಜದ ಸಹಾಯಧನದವರೆಗೆ ಬದುಕಿನ ಎಲ್ಲ ವಿಷಯಗಳನ್ನೂ ಕನ್ನಡದಲ್ಲಿ, ಅದೂ ದಶಕಗಳಿಂದ, ಬರೆಯುತ್ತಾ ಬಂದಿರುವುದು ಸರ್ಕಾರ. ಆ ಭಾಷೆ ಸ್ವಲ್ಪ ಒಣಕಲು, "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಎಂದೇ ಶುರುವಾಗುತ್ತದೆ, ಇರಲಿ. ಆ ರಾಶಿಯಲ್ಲಿ ಪೌಂಡು, ಯೆನ್ನುಗಳ ಹಿಂದೆ ಬೀಗ ಬಿದ್ದಿರುವುದು ಎಷ್ಟೊಂದು! ಮುಖ್ಯಮಂತ್ರಿಗಳ ಸುದ್ದಿಯನ್ನು ಯಂತ್ರ ತಪ್ಪಾಗಿ ಓದಿದ್ದಕ್ಕೆ ಈ ಬೀಗವೇ ಕಾರಣ ಎಂದು ನಾನು ಹೇಳುತ್ತಿಲ್ಲ, ಅಷ್ಟು ದೊಡ್ಡ ವಿದ್ಯೆ ನನ್ನದಲ್ಲ. ಕನ್ನಡ ಕಲಿಯದವರನ್ನು ಬಯ್ಯುವವರು ಕಲಿಯಲು ಪುಸ್ತಕ ಕೊಟ್ಟಿರಬೇಕು, ಅಷ್ಟೇ.

ನಮ್ಮ ರಾಜ್ಯಕ್ಕೆ ಇದು ಆಗದ ಕೆಲಸ ಎಂದರೆ ನಂಬುವುದಿಲ್ಲ. ಭೂಮಿ ಯೋಜನೆಯಲ್ಲಿ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ್ದು 2000ದ ಆಸುಪಾಸಿನಲ್ಲಿ. ಗ್ರಾಮಲೆಕ್ಕಿಗರ ಕೈಬರಹದಿಂದ, ಕನ್ನಡದಲ್ಲಿ, ಈಗಿನ ಯಾವ ಸೌಕರ್ಯವೂ ಇಲ್ಲದ ದಿನಗಳಲ್ಲಿ. ಆ ಛಲ ಎಲ್ಲಿ ಹೋಯಿತು?

ನಾನು ಕೇಳುವುದು ಇಷ್ಟು. ಯುನಿಕೋಡಿನಲ್ಲಿ ಇಲ್ಲದ, ಪದವನ್ನು ಆರಿಸಿ ಹುಡುಕಲು ಬಾರದ ಕಡತವನ್ನು ಯಾವ ಇಲಾಖೆಯ ಜಾಲತಾಣವೂ ಸ್ವೀಕರಿಸದಂತೆ ಮಾಡಿ. ಸುತ್ತೋಲೆ ಹೊರಡಿಸಿದರೆ ಸಾಲದು, ಸುತ್ತೋಲೆಯನ್ನೂ ಹಳೆಯ ಫಾಂಟಿನಲ್ಲೇ ಬರೆದಾರು. ಏರಿಸುವ ಕಡೆಯಲ್ಲೇ ತಡೆ ಇರಲಿ, ತಪ್ಪು ಕಡತ ಬಂದರೆ ಯಂತ್ರವೇ ಹಿಂದಕ್ಕೆ ಕಳಿಸಲಿ. ಸಹಿ ಬೇಕೆಂದರೆ ಡಿಜಿಟಲ್ ಸಹಿ ಇದೆ. ಹಳೆಯ ಕಡತಗಳನ್ನು ಬದಲಿಸುವ ಪರಿವರ್ತಕಗಳೂ ಇವೆ, ಆದರೆ ಅರ್ಕಾವತ್ತು ಜಾರಿದೆಯೇ, ದೀರ್ಘ ಬಿಟ್ಟುಹೋಗಿದೆಯೇ ಎಂದು ಮನುಷ್ಯರೇ ಕರಡು ತಿದ್ದಬೇಕು. ಆ ಕೆಲಸ ಬಲ್ಲವರು ಈ ಊರಿನ ಪೇಟೆಗಳಲ್ಲಿ, ಪ್ರತಿ ಜಿಲ್ಲೆಯ ಕೋರ್ಟು ರಸ್ತೆಯಲ್ಲಿ, ಗಿರಾಕಿಗಳು ಕಡಿಮೆಯಾಗಿ ಕುಳಿತಿದ್ದೇವೆ. ದೊಡ್ಡ ಕಂಪನಿಗೆ ದೊಡ್ಡ ಗುತ್ತಿಗೆ ಕೊಡುವ ಮೊದಲು ನಮ್ಮನ್ನೂ ಒಮ್ಮೆ ಕೇಳಿ, ಪುಟದ ಲೆಕ್ಕದಲ್ಲಿ ಮಾಡಿಕೊಡುತ್ತೇವೆ. ಸ್ವಾರ್ಥದ ಮಾತು ಎನ್ನುತ್ತೀರಾ? ಹೌದು, ಸ್ವಾರ್ಥವೂ ಇದೆ. ತಪ್ಪು ಮಾಡಿದವರಿಗೇ ಅದನ್ನು ತಿದ್ದುವ ಕೂಲಿಯೂ ಸಿಗಲಿ.

ಅಂದಹಾಗೆ, ಈ ಪತ್ರ ನಿಮ್ಮ ಕೈಸೇರಿದ ದಿನ ಒಂದು ಪರೀಕ್ಷೆ ಮಾಡಿ. ನಿಮ್ಮ ಮೇಜಿನ ಮೇಲಿರುವ ಕಂಪ್ಯೂಟರಿನಲ್ಲಿ ಯಾವುದಾದರೂ ಇಲಾಖೆಯ ಒಂದು ಕನ್ನಡ ಆದೇಶವನ್ನು ತೆರೆದು, ಅದರೊಳಗೆ 'ಕರ್ನಾಟಕ' ಎಂಬ ಪದವನ್ನು ಹುಡುಕಿ. ಆಪ್ತ ಕಾರ್ಯದರ್ಶಿಗೆ ಹೇಳಬೇಡಿ, ನೀವೇ ಹುಡುಕಿ.

ಆ ಹುಡುಗನ ನಾಲ್ಕು ಪುಟವನ್ನು ಅಂದೇ ಪರಿವರ್ತಕಕ್ಕೆ ಹಾಕಿ, ಕರಡು ತಿದ್ದಿ, ಮೊಬೈಲಿಗೆ ಕಳಿಸಿದೆ. ಅಂಗಡಿಯ ಬಾಗಿಲಲ್ಲೇ ನಿಂತು ಕಿವಿಗೆ ಹಿಡಿದು ಕೇಳಿದ. ಅಂಗವಿಕಲರಿಗೆ ಶುಲ್ಕದಲ್ಲಿ ವಿನಾಯಿತಿ ಇದೆ ಎಂಬ ಸಾಲು ಮೂರನೆಯ ಪುಟದಲ್ಲಿತ್ತು, ಅದನ್ನು ಎರಡು ಸಲ ಕೇಳಿಸಿಕೊಂಡ. ಎಷ್ಟಾಯಿತು ಎಂದು ಜೇಬಿಗೆ ಕೈಹಾಕಿದ. ಇದರ ದುಡ್ಡು ಬೇರೆಯವರು ಕೊಡಬೇಕು ಎಂದು ಹೇಳಿ ಕಳಿಸಿದೆ. ಪುಟಕ್ಕೆ 40 ರೂಪಾಯಿಯಂತೆ ಒಟ್ಟು 160 ರೂಪಾಯಿ. ಬಿಲ್ಲನ್ನು ಈ ಪತ್ರದ ಜೊತೆ ಲಗತ್ತಿಸಿದ್ದೇನೆ, ಯುನಿಕೋಡಿನಲ್ಲೇ ಇದೆ.

ಇಂತಿ ತಮ್ಮ ವಿಶ್ವಾಸಿ,
ಚಾಮರಾಜಪೇಟೆಯ ಡಿಟಿಪಿ ಅಂಗಡಿಯವಳು
ಬೆಂಗಳೂರು