ಕೇಕ್ ಕತ್ತರಿಸುವ ಮೊದಲು

ಕೊಪ್ಪಳ

ಪ್ರೀತಿಯ ಅವ್ವಿ,

ಈ ಸಲ ನಿನ್ನ ಹುಟ್ಟುಹಬ್ಬವನ್ನು ಆಫೀಸಿನವರೆಲ್ಲ ಸೇರಿ ಒಂದು ಅನಾಥಾಲಯದಲ್ಲಿ ಮಾಡುತ್ತಾರೆಂದು ನೀನು ಹೇಳಿದಾಗ ನಾನು 'ಹೂಂ' ಎಂದು ಫೋನನ್ನು ನಿನ್ನ ತಾಯಿಗೆ ಕೊಟ್ಟುಬಿಟ್ಟೆ. ನೀನು ಮುನಿಸಿಕೊಂಡೆಯಂತೆ. ಬಾಯಿಗೆ ಬಾರದ್ದನ್ನು ಬರೆಯುತ್ತಿದ್ದೇನೆ.

ನಾನು ಹಾಸ್ಟೆಲಿನಲ್ಲಿ ಓದಿದವನು ಎಂದು ನಿನಗೆ ಹೇಳುತ್ತ ಬಂದಿದ್ದೇನೆ. ಅದು ಹಾಸ್ಟೆಲ್ ಅಲ್ಲ, ಬಳ್ಳಾರಿಯ ಒಂದು ಅನಾಥಾಲಯ. ಅಪ್ಪ ತೀರಿಕೊಂಡ ವರ್ಷವೇ ಮಳೆಯೂ ಕೈಕೊಟ್ಟಿತು. ನನಗೆ ಆಗ ಏಳು. ಊರಿಗೆ ಊರೇ ಗುಳೆ ಹೊರಟಿತು. ನಿನ್ನಜ್ಜಿ ಮೊಲೆಯುಣ್ಣುವ ನಿನ್ನ ಕಾಕಾನನ್ನು ಸೊಂಟಕ್ಕೇರಿಸಿಕೊಂಡು ಬೆಂಗಳೂರಿಗೆ ಇಟ್ಟಿಗೆ ಹೊರಲು ಹೋದಳು. ಹೋಗುವಾಗ ನನ್ನನ್ನು ಅಲ್ಲಿ ಬಿಟ್ಟು, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಯ ಗಂಟೊಂದನ್ನು ಕೈಗಿತ್ತಳು. ರೊಟ್ಟಿ ಮೊದಲ ರಾತ್ರಿಯೇ ಮುಗಿದವು. ಗಂಟು ಕಟ್ಟಿದ್ದ ಸೀರೆಯ ತುಂಡು ಎರಡು ವರ್ಷ ನನ್ನ ಟ್ರಂಕಿನಲ್ಲಿತ್ತು.

ನಾವು ನಲವತ್ತು ಹುಡುಗರು. ಹೆತ್ತವರಿಬ್ಬರನ್ನೂ ಕಳೆದುಕೊಂಡವರು ಐದಾರು ಮಂದಿ ಇದ್ದರೇನೋ. ಉಳಿದವರಿಗೆಲ್ಲ ಎಲ್ಲೋ ಒಬ್ಬ ತಾಯಿ, ಒಬ್ಬ ಅಜ್ಜ, ಸಾಲ ಮಾಡಿ ಊರು ಬಿಟ್ಟ ಅಪ್ಪ ಇದ್ದೇ ಇದ್ದರು. ಇಲ್ಲದ್ದು ದುಡ್ಡು.

ಇತಿಹಾಸದ ಮೇಷ್ಟ್ರಿಗೆ ಮಗಳಾಗಿ ಹುಟ್ಟಿದ್ದೀಯ, ಸ್ವಲ್ಪ ಪಾಠ ಸಹಿಸಿಕೋ. ಲಂಡನ್ನಿನಲ್ಲಿ ಥಾಮಸ್ ಕೋರಮ್ ಎಂಬ ಹಡಗಿನ ಕ್ಯಾಪ್ಟನ್ ವರ್ಷಗಟ್ಟಲೆ ಅಲೆದು 1739ರಲ್ಲಿ ಅರಸನ ಸನ್ನದು ಪಡೆದು ಒಂದು ಮಕ್ಕಳ ಆಶ್ರಯಧಾಮ ಕಟ್ಟಿಸಿದ. ಕೂಸು ಹೊತ್ತು ಬಂದ ತಾಯಂದಿರು ಎಷ್ಟಿದ್ದರೆಂದರೆ, ಅವರು ಚೀಲಕ್ಕೆ ಕೈಹಾಕಿ ಚೆಂಡು ಎತ್ತಬೇಕಾಯಿತು: ಬಿಳಿ ಬಂದರೆ ಒಳಗೆ, ಕಪ್ಪು ಬಂದರೆ ಮನೆಗೆ, ಕೆಂಪು ಬಂದರೆ ಕಾಯಬೇಕು. ಒಳಗೆ ಹೋದ ಕೂಸಿಗೆ ಹೊಸ ಹೆಸರು. ಮುಂದೊಂದು ದಿನ ಬಿಡಿಸಿಕೊಳ್ಳಲು ಬಂದರೆ ಗುರುತಿಗಿರಲಿ ಎಂದು ತಾಯಿಯ ಗುಂಡಿಯನ್ನೋ ಬಟ್ಟೆಯ ಚೂರನ್ನೋ ದಾಖಲೆಗೆ ಸೂಜಿಯಿಂದ ಸಿಕ್ಕಿಸುತ್ತಿದ್ದರು. ಅಂಥ ಸಾವಿರಾರು ಚೂರುಗಳು ಇವತ್ತಿಗೂ ಅಲ್ಲಿವೆ. ಬಂದು ಬಿಡಿಸಿಕೊಂಡವರು ತೀರ ಕಡಿಮೆ. 1756ರಿಂದ ನಾಲ್ಕು ವರ್ಷ ಸರ್ಕಾರ ಹಣ ಕೊಟ್ಟು, ಬಂದ ಕೂಸುಗಳನ್ನೆಲ್ಲ ತೆಗೆದುಕೊಳ್ಳಿ ಎಂದಿತು. ಸುಮಾರು 15 ಸಾವಿರ ಕೂಸುಗಳು ಬಂದವು. ಮೂರರಲ್ಲಿ ಎರಡು ಪಾಲು ಉಳಿಯಲಿಲ್ಲ. ಮನಸ್ಸು ಒಳ್ಳೆಯದೇ ಇತ್ತು, ನೋಡು.

ನಮ್ಮ ಕಡೆ ಇದೇ ಕಥೆಯನ್ನು ಬರ ಬರೆಯಿತು. 1876–78ರ ಬರ, ಹಿರಿಯರು ಧಾತು–ಈಶ್ವರ ಸಂವತ್ಸರದ ಬರ ಎನ್ನುತ್ತಿದ್ದುದು, ಆಗ ಮದರಾಸು ಪ್ರಾಂತ್ಯದಲ್ಲಿದ್ದ ಬಳ್ಳಾರಿ ಜಿಲ್ಲೆಯನ್ನು ಹಿಂಡಿಹಾಕಿತು. ದಕ್ಷಿಣದ ಹಲವು ಕಡೆ ಮಿಷನರಿಗಳು ಬರದ ಮಕ್ಕಳಿಗೆ ಆಶ್ರಯ ತೆರೆದರು. ಹೊಟ್ಟೆಗೆ ಹಿಟ್ಟು ಹಾಕಿದರು, ಅಕ್ಷರ ಕಲಿಸಿದರು, ಹೌದು. ಆದರೆ ತಾಯಿಗೂ ಸೇರಿಸಿ ಹಿಟ್ಟು ಕೊಟ್ಟಿದ್ದರೆ ಎಷ್ಟು ಮಕ್ಕಳು ಮನೆಯಲ್ಲೇ ಉಳಿಯುತ್ತಿದ್ದರೋ ಎಂದು ನನಗೆ ಪ್ರತಿ ಸಲ ಅನಿಸುತ್ತದೆ. ಇಲ್ಲಿನ ಗವಿಮಠದಲ್ಲಿ ಓದುವ ಹುಡುಗರನ್ನು ನೀನು ಕಂಡಿದ್ದೀಯ. ಅವರೂ ಉಚಿತ ಊಟ ಉಂಡು ಓದುವವರೇ, ಆದರೆ ರಜೆಗೆ ಊರಿಗೆ ಹೋಗುತ್ತಾರೆ. ಅವರನ್ನು ಯಾರೂ ಅನಾಥರು ಎನ್ನುವುದಿಲ್ಲ.

ರುಮೇನಿಯಾದಲ್ಲಿ 1989ರಲ್ಲಿ ಸರ್ವಾಧಿಕಾರಿ ಬಿದ್ದಾಗ ಇಂಥ ಸಂಸ್ಥೆಗಳಲ್ಲಿ ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ಆಮೇಲೆ ಸಂಶೋಧಕರು ಅಂಥ 136 ಮಕ್ಕಳಲ್ಲಿ ಅರ್ಧದಷ್ಟನ್ನು ಸಾಕು ಮನೆಗಳಿಗೆ ಕಳಿಸಿ ವರ್ಷಗಟ್ಟಲೆ ಗಮನಿಸಿದರು. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದ ಕೂಸುಗಳು ಹೆಚ್ಚು ಚೇತರಿಸಿಕೊಂಡವು. ನನಗೆ ಏಳಾಗಿತ್ತು, ಅವ್ವನ ಮಡಿಲು ಅಷ್ಟು ವರ್ಷ ಸಿಕ್ಕಿತ್ತು. ಅದಕ್ಕೇ ಬಚಾವಾದೆ ಎಂದುಕೊಳ್ಳುತ್ತೇನೆ.

ಇನ್ನು ನಿನ್ನ ಕೇಕ್. ನಮ್ಮಲ್ಲಿಗೂ ಭಾನುವಾರಗಳಂದು ಕಾರುಗಳು ಬರುತ್ತಿದ್ದವು. ಸಾಲಾಗಿ ನಿಂತು, ಹೆಸರೇ ಗೊತ್ತಿಲ್ಲದ ಹುಡುಗನಿಗೆ ಚಪ್ಪಾಳೆ ತಟ್ಟಿ, ಬಾಳೆಹಣ್ಣು, ಬಿಸ್ಕತ್ತು ತೆಗೆದುಕೊಂಡು, ಫೋಟೋಕ್ಕೆ ನಗಬೇಕು. ಶಾಲೆಯ ದಾಖಲೆಯಲ್ಲಿ ನಮ್ಮ ಹುಟ್ಟಿದ ದಿನ ಬಹುಪಾಲು ಎಲ್ಲರದೂ ಜೂನ್ 1. ಆ ದಿನ ಯಾವ ಕಾರೂ ಬಂದ ನೆನಪಿಲ್ಲ. ಕೇಕ್ ರುಚಿಯಾಗಿಯೇ ಇರುತ್ತಿತ್ತು, ಸುಳ್ಳು ಹೇಳುವುದಿಲ್ಲ. ಕಾರು ಹೊರಟ ಮೇಲೆ ಒಂದಷ್ಟು ಹೊತ್ತು ಯಾರೂ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ.

ಈಗ 2015ರ ಬಾಲನ್ಯಾಯ ಕಾಯ್ದೆಯೇ ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಎನ್ನುತ್ತದೆ. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪ್ರಾಯೋಜಕತ್ವ ಮಂಜೂರಾದರೆ ಮಗು ಮನೆಯಲ್ಲೇ ಇರಲೆಂದು ತಿಂಗಳಿಗೆ 4,000 ರೂಪಾಯಿ ಕೊಡುತ್ತಾರೆ. ವಿಧವೆಯರ ಮಕ್ಕಳಿಗೂ ಅದು ಸಿಗುತ್ತದೆ. ನಿನ್ನ ಗೆಳೆಯರಿಗೆ ನಿಜಕ್ಕೂ ಮನಸ್ಸಿದ್ದರೆ ನೀವು ಕೆಲಸ ಮಾಡುವ ಕಟ್ಟಡದ ಪಕ್ಕದಲ್ಲೇ ಹೊಸ ಕಟ್ಟಡ ಏಳುತ್ತಿರುತ್ತದೆ, ಅಲ್ಲಿನ ಶೆಡ್ಡುಗಳಿಗೆ ಹೋಗಿ. ನಮ್ಮ ಕಡೆಯವರೇ ಸಿಕ್ಕಾರು. ಯಾವ ತಾಯಿಗಾದರೂ ಆ ಅರ್ಜಿ ತುಂಬಲು ನೆರವಾಗಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಜೊತೆಗೆ ಹೋಗಿ ಬನ್ನಿ. ರಜೆ ಹಾಕಬೇಕಾದೀತು, ಹಾಕಿ.

ಒಂದು ಮಾತು ಉಳಿಯಿತು. ಹತ್ತನೆಯ ತರಗತಿ ಮುಗಿಸಿ ಟಿಸಿ ತೆಗೆದುಕೊಂಡಾಗ ಅದರಲ್ಲಿ 'ತಂದೆ ತಾಯಿ ಇಲ್ಲ' ಎಂದು ಬರೆದಿತ್ತು. ಅಕ್ಷರ ಬಾರದ ನಿನ್ನಜ್ಜಿ, ನನ್ನನ್ನು ಸೇರಿಸಿದ ದಿನ, ತಾನು ಸತ್ತಿದ್ದೇನೆಂಬ ಆ ಕಾಗದಕ್ಕೆ ತಾನೇ ಹೆಬ್ಬೆಟ್ಟು ಒತ್ತಿದ್ದಳು. ಅವಳಿಗೆ ಅದು ಇವತ್ತಿಗೂ ಗೊತ್ತಿಲ್ಲ. ನೀನೂ ಹೇಳಬೇಡ.

ನಿನ್ನ ಅಪ್ಪ